ಹಾಲು ಇಳಿದ ಕಂದಕ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ಕನ್ನಡದಲ್ಲಿ ಬರೆಯುವುದನ್ನು ಬಿಟ್ಟು ಬಹಳ ವರ್ಷಗಳಾದ ಕಾರಣ ನನ್ನ ಅಕ್ಷರಗಳು ಸೊಟ್ಟಗಿವೆ. ಒತ್ತಕ್ಷರಗಳಲ್ಲಿ ತಪ್ಪಿರುವ ಸಂಭವವೂ ಇದೆ. ಕಚೇರಿಯ ವರದಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲವಾದ್ದರಿಂದ ಸದರಿ ನೆನಪನ್ನೂ ಅದೇ ರೀತಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಡಾಟ್‌ಕಾಮ್ ಕಂಪನಿಗಳ ಭರಾಟೆಯ ವರ್ಷಗಳಲ್ಲಿ ನಾನು ಸ್ಯಾನ್ ಹೊಸೆ ನಗರದ ಸಣ್ಣದೊಂದು ಭೂವಿಜ್ಞಾನ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಭೂಕಂಪದ ಬಿರುಕು ಹಾದಿರಬಹುದಾದ ಜಾಗದಲ್ಲಿ ಮನೆ ಕಟ್ಟುವ ಮುನ್ನ ಆಳವಾದ ಕಂದಕ ತೋಡಿ ಮಣ್ಣಿನ ಪದರಗಳನ್ನು ಪರೀಕ್ಷಿಸಬೇಕೆಂಬುದು ಅಲ್ಲಿನ ಕಾನೂನು. ಪದರಗಳ ಚಿತ್ರ ಬರೆಯುವುದು ನನ್ನ ಕೆಲಸ. ಅವುಗಳ ಅರ್ಥ ಹೇಳುವ ಅಧಿಕಾರ ಮಾತ್ರ ರಾಜ್ಯದ ಪರವಾನಗಿ ಹಾಗೂ ಮೊಹರು ಹೊಂದಿದ್ದ ನಮ್ಮ ಹಿರಿಯ ಭೂವಿಜ್ಞಾನಿಯವರದು. ನಾನಿನ್ನೂ ಆ ಪರೀಕ್ಷೆಗೆ ಓದುತ್ತಿದ್ದೆ. ಪರವಾನಗಿಯಿಲ್ಲದೆ ಅಭಿಪ್ರಾಯ ನೀಡಿದ್ದು ತಿಳಿದರೆ ಮುಂದೆ ಅದು ದೊರೆಯುವುದೇ ಅನುಮಾನವಾಗಿತ್ತು.

ಲಾಸ್ ಆಲ್ಟೋಸ್ ಊರಿನಾಚೆಯ ಗುಡ್ಡದಲ್ಲೊಂದು ನಿವೇಶನ. ಕೊಳ್ಳಲಿದ್ದವರು ಮೈಸೂರಿನ ಇಂಜಿನಿಯರು. ನಾನು ಅಲ್ಲಿಗೆ ಹೋದ ದಿನವೇ ಸಂಜೆಯೊಳಗೆ ಅವರು ಖರೀದಿ ಪತ್ರಕ್ಕೆ ಸಹಿ ಹಾಕದಿದ್ದರೆ ಜಾಗ ಬೇರೆಯವರ ಪಾಲಾಗುವುದಿತ್ತು. ನಮ್ಮ ಹಿರಿಯರು ಬರುವುದೋ ಮರುದಿನ.

ಬೆಳಿಗ್ಗೆಯಿಂದ ಮಂಜು. ಏಣಿಯಿಂದ ಕಂದಕದ ತಳಕ್ಕಿಳಿದೊಡನೆ ಫ್ರೀವೇಯ ವಾಹನಗಳ ಸದ್ದು ಯಾರೋ ಬಾಗಿಲು ಹಾಕಿದಂತೆ ನಿಂತಿತು. ಯಾರೂ ಮುಟ್ಟದಿದ್ದರೂ ಗೋಡೆಯ ಮಣ್ಣು ಸರಸರನೆ ಉದುರುತ್ತಿತ್ತು. ತಿರುಗಿ ನೋಡಿದರೆ ನಿಲ್ಲುತ್ತಿತ್ತು. ಬೆನ್ನು ಹಾಕಿದರೆ ಮತ್ತೆ ಆರಂಭ. ಗೋಡೆಯ ನಡುವಿನ ಕಪ್ಪು ಪದರ ಒಂದು ಕಡೆ ತಟ್ಟನೆ ಕಡಿದು, ಮೊಣಕಾಲೆತ್ತರದಷ್ಟು ಕೆಳಗೆ ಮತ್ತೆ ಶುರುವಾಗಿತ್ತು. ಅದು ಭೂಕಂಪದ ಬಿರುಕೆಂದು ನನಗೆ ತಿಳಿಯಿತು.

"ಪಾಯ ಆಗ್ಲೇ ತೋಡಿಸ್ಬಿಟ್ಟಿದೀಯಲ್ಲೋ." ಮೇಲೆ ಇಂಜಿನಿಯರ ತಾಯಿಯವರ ದನಿ. ಕೈಯಲ್ಲಿ ಅರಿಶಿನ, ಕುಂಕುಮ, ಗ್ರೋಸರಿ ಅಂಗಡಿಯಿಂದ ತಂದ ಹಾಲಿನ ಕ್ಯಾನು.

"ಪಾಯ ಅಲ್ಲಮ್ಮ, ಟೆಸ್ಟಿಂಗು. ಜಾಗ ಇನ್ನೂ ನಮ್ದೇ ಆಗಿಲ್ಲ."

"ಟೆಸ್ಟಿಂಗೋ ಗಿಸ್ಟಿಂಗೋ, ಭೂಮಿ ಅಗೆದ್ಮೇಲೆ ಭೂಮ್ತಾಯಿಗೆ ಹಾಲು ಬೇಡ್ವಾ? ಥೇಟ್ ನಿಮ್ಮಪ್ಪನ ವಾದ."

ನಾನು ಬೇಡವೆನ್ನುವಷ್ಟರಲ್ಲಿ ಹಾಲು ಬಿದ್ದಿತು. ತಳದ ಜೇಡಿಯ ಮೇಲೆ ನಿಂತು, ನಿಧಾನವಾಗಿ ಹರಿದು, ಪದರ ಕಡಿದ ಜಾಗದ ನೇರಕ್ಕೆ ಬಂದು ಇಲ್ಲವಾಯಿತು. ಇಂಗಲಿಲ್ಲ, ಕೆಳಗಿನಿಂದ ಯಾರೋ ಹೀರಿದಂತೆ ಹೋಯಿತು. ಅವರು ಇನ್ನಷ್ಟು ಸುರಿದರು. ಅದೂ ಹೋಯಿತು. ಗೋಡೆಯಿಂದ ಗೋಡೆಗೆ ಒಂದು ಬಿಳಿ ಗೆರೆ ಮಾತ್ರ ಉಳಿಯಿತು. ಮಣ್ಣು ಉದುರುವುದು ನಿಂತಿತ್ತು.

"ಎಲ್ಲಿ ಹೋಯ್ತಮ್ಮ ಹಾಲು?" ಎಂದರು ತಾಯಿ.

ಮಗ ಕಂದಕದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. "ಮೇಡಂ, ನೀವು ನಮ್ಮೋರು. ಏನೂ ಇಲ್ಲ ಅಂದ್ರೆ ಸಾಕು, ಸೈನ್ ಮಾಡ್ತೀನಿ."

"ಹೇಳೋಕೆ ನಂಗೆ ಲೈಸೆನ್ಸ್ ಇಲ್ಲ ಸಾರ್."

"ಕನ್ನಡದಲ್ಲಿ ಹೇಳೋಕೂ ಲೈಸೆನ್ಸ್ ಬೇಕಾ?"

"ಬೇಕು ಸಾರ್. ನಾಳೆ ನಮ್ಮ ಹಿರಿಯರು ಬರ್ತಾರೆ."

"ನಾಳೆಗೆ ಜಾಗ ಇರಲ್ಲ. ಸೈನ್ ಮಾಡೇ ಬಿಡ್ತೀನಿ ಬಿಡಿ."

ತಾಯಿ ಆ ಬಿಳಿ ಗೆರೆಯಿಂದ ಕಣ್ಣು ತೆಗೆದಿರಲಿಲ್ಲ. "ಮಕ್ಕಳಿದಾರೇನಮ್ಮ ನಿಂಗೆ?"

"ಒಂದು ಹೆಣ್ಣು ಮಗು. ಡೇಕೇರಲ್ಲಿದೆ."

"ಆ ಮಗೂನ ಇಲ್ಲಿ ಮಲಗಿಸ್ತೀಯಾ?"

ಇಂಥ ಪ್ರಶ್ನೆಗೆ ಉತ್ತರಿಸಬಾರದೆಂದು ನಾನು ಓದಿದ ನಿಯಮಗಳಲ್ಲಿ ಎಲ್ಲಿಯೂ ಇರಲಿಲ್ಲ. ಉತ್ತರಿಸಬಹುದೆಂದೂ ಇರಲಿಲ್ಲ.

"ಇಲ್ಲಮ್ಮ," ಎಂದೆ.

ಇಂಜಿನಿಯರು ಎದ್ದು ಕಾರಿನತ್ತ ಹೋದರು. ಅಂದು ಸಹಿ ಹಾಕಲಿಲ್ಲವೆಂದು ನಂತರ ತಿಳಿಯಿತು.

ಮರುದಿನ ನಮ್ಮ ಹಿರಿಯರು ಕಡಿದ ಪದರವನ್ನು ನೋಡಿ, ಇಲ್ಲಿ ಮನೆ ಕೂಡದೆಂದರು. ಆ ವಾರವೇ ವರದಿಗೆ ಮೊಹರು ಬಿತ್ತು. ಅಂದು ಕಂದಕದಲ್ಲಿ ಅವರು ತಳದ ಬಿಳಿ ಗೆರೆ ಏನೆಂದು ಕೇಳಿದಾಗ ಹಾಲು ಎಂದೆ. ನಡೆದದ್ದನ್ನು, ನನ್ನ ಉತ್ತರವನ್ನೂ ಸೇರಿಸಿ, ಹೇಳಿದೆ. ಅವರು ಸಲಿಕೆ ತೆಗೆದುಕೊಂಡು ಗೆರೆಯ ಕೆಳಗೆ ಅಗೆದರು. ತೋಳುದ್ದ ಅಗೆದರೂ ಮಣ್ಣು ಒಣಗಿಯೇ ಇತ್ತು. ಹಾಲಿನ ವಾಸನೆಯೂ ಇರಲಿಲ್ಲ.

"ಇದನ್ನು ವರದಿಯಲ್ಲಿ ಬರೆಯುವುದು ಬೇಡ," ಎಂದರು ಇಂಗ್ಲಿಷಿನಲ್ಲಿ. ಹಾಲಿನ ವಿಷಯವನ್ನೋ, ನನ್ನ ಉತ್ತರವನ್ನೋ ಎಂದು ನಾನು ಕೇಳಲಿಲ್ಲ. ಇಬ್ಬರೂ ಬೇಗ ಏಣಿ ಹತ್ತಿದೆವು.

ಮೇಲಿನ ಬರಹದಲ್ಲಿ ಕಾಗುಣಿತ, ವ್ಯಾಕರಣಗಳ ದೋಷ ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕು. ಆ ಹಾಲಿನ ವಿಷಯದಲ್ಲಿ ನಾನು ಕಂಡದ್ದೇ ತಪ್ಪೆಂದು ಬಲ್ಲವರು ಯಾರಾದರೂ ಇದ್ದರೆ, ಅದನ್ನೂ ತಿದ್ದಬೇಕಾಗಿ ಪ್ರಾರ್ಥನೆ.