ಸಾಹೇಬರ ಮೀನು, ಹುಕ್ಕೇರಿಯ ತೊಟ್ಟಿಲು

ಇಂಗ್ಲಿಷ್ ಕಲಿತರೆ ಖುರ್ಚಿಯ ಮೇಲೆ ಕೂತು ಉಣ್ಣಬಹುದೆಂದು ನಮ್ಮಪ್ಪ ನನ್ನನ್ನು ಸಾಲಿಗೆ ಹಾಕಿದ. ಕಲಿತೆ, ಗೋಕಾಕದ ಕಾಲುವೆ ಕಚೇರಿಯಲ್ಲಿ ಕಾರಕೂನನೂ ಆದೆ. ಆದರೆ ಶನಿವಾರ ಬಂತೆಂದರೆ ಅದೇ ಇಂಗ್ಲಿಷಿನ ದೆಸೆಯಿಂದ ಕಚೇರಿಯ ಬಿಳಿ ಸಾಹೇಬರ ಹಿಂದೆ ಗಾಡಿ ಹತ್ತಿ ಘಟಪ್ರಭೆಯ ದಂಡೆಗೆ ಹೋಗಬೇಕಾಗುತ್ತಿತ್ತು. ಹಳ್ಳಿಯವರೊಡನೆ ಮಾತಾಡಲು ಅವರಿಗೊಂದು ಬಾಯಿ ಬೇಕಿತ್ತು. ಆ ಬಾಯಿ ನಾನು.

ಸಾಹೇಬರು ಎರೆಹುಳು ಚುಚ್ಚಿ ಗಾಳ ಹಾಕುವವರಲ್ಲ. ಗಾಳಕ್ಕೆ ಕೋಳಿಪುಕ್ಕ, ಬಣ್ಣದ ನೂಲು ಸುತ್ತಿ ನೊಣ ಮಾಡುತ್ತಿದ್ದರು. ಅದನ್ನು ಉದ್ದನೆಯ ಕೋಲಿನಿಂದ ಬೀಸಿ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು, ಮೀನು ನಂಬಬೇಕು. ಮೀನು ನಂಬುತ್ತಿತ್ತೋ ಇಲ್ಲವೋ, 'ಇನ್ನೊಂದೇ ಸಲ' ಎಂಬ ಅವರ ಮಾತನ್ನು ನಾನಂತೂ ಪ್ರತಿ ವಾರ ನಂಬಿ ಕೆಡುತ್ತಿದ್ದೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಸಂತೆಯಲ್ಲಿ ಮೀನು ಮಾರುವವರ ಸಾಲು ಬಂದರೆ ಧೋತರದ ಚುಂಗನ್ನು ಮೂಗಿಗೆ ಹಿಡಿದು ದಾಟುವವರು ನಾವು.

ಆ ಭಾನುವಾರ ಹುಕ್ಕೇರಿಯ ನನ್ನ ಮಾವನ ಮನೆಯಲ್ಲಿ ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಹುಟ್ಟಿದ ಮೇಲೆ ನಾನಿನ್ನೂ ಅವಳ ಮುಖ ನೋಡಿರಲಿಲ್ಲ. ಚೊಚ್ಚಲ ಮಗನನ್ನಂತೂ ನೋಡಲೇ ಇಲ್ಲ. ಆಗಲೂ ಸಾಹೇಬರ ಜೊತೆ ಹೊಳೆಯ ಮೇಲಿದ್ದೆ. ಕೂಸು ಹುಟ್ಟಿ ತೀರಿಕೊಂಡ ಸುದ್ದಿ ತಿಳಿದು ಓಡಿಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಸಲ ಬಾಣಂತನಕ್ಕೆ ತವರಿಗೆ ಹೊರಟಾಗ ಮಾತ್ರ, "ತೊಟ್ಟಲಕ್ಕ ಹಾಕೋ ದಿನಾ ನೀವು ಇರಬೇಕ್ರಿ ಮತ್ತ" ಅಂದಿದ್ದಳು.

ಸಾಹೇಬರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಒಂದು ದೊಡ್ಡ ಮೀನು ಸಿಕ್ಕ ಕೂಡಲೇ ನಿನ್ನ ದಾರಿ ನಿನಗೆ, ಅಂದರು. ಶನಿವಾರ ಸಿಗಲಿಲ್ಲ, ರಾತ್ರಿ ದಂಡೆಯ ಮೇಲೇ ತಂಗಿದೆವು.

ಭಾನುವಾರ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತೆ. ಕಣ್ಣು ಮುಚ್ಚಿದರೆ ಬೇರೇನೂ ಬರಲೊಲ್ಲದು. ಶಿವನೇ, ಒಂದು ಮೀನು ಕೊಡು, ದೊಡ್ಡದು ಕೊಡು ಎಂದು ಬೇಡಿಕೊಂಡೆ. ನಮ್ಮ ವಂಶದಲ್ಲಿ ಲಿಂಗದ ಮುಂದೆ ಇಂಥ ಬೇಡಿಕೆ ಇಟ್ಟವನು ನಾನೊಬ್ಬನೇ ಇರಬೇಕು. ನಗು ಬಂತು. ನಗಲೂ ತ್ರಾಣವಿರಲಿಲ್ಲ.

ಬಿಸಿಲು ಏರಿದ ಮೇಲೆ ಮೀನು ಬಿತ್ತು. ಸಾಹೇಬರು ಕೋಲನ್ನು ಎದೆಗೆ ಒತ್ತಿ ಹಿಡಿದು, ನೂಲು ಬಿಡುತ್ತ, ಎಳೆಯುತ್ತ, ಬಲೆ ಬಲೆ ಎಂದು ಕೂಗಿದರು. ಬಲೆ ಹಿಡಿಯುವ ಅಡುಗೆಯವನು ಹಾಲು ತರಲು ಹಳ್ಳಿಗೆ ಹೋಗಿದ್ದ. ಬಲೆ ತೆಗೆದುಕೊಂಡು ನಾನೇ ಇಳಿದೆ. ಮೀನು ಮೈಗೆ ತಾಕದಿರಲೆಂದು ಹಿಡಿಕೆಯ ತುದಿ ಹಿಡಿದು, ಮುಖ ಹೊರಳಿಸಿ ಎತ್ತಿದರೆ ಬಲೆ ಮೀನಿನ ಬೆನ್ನಿಗೆ ಬಡಿಯಿತು. ಅದು ಸಿಟ್ಟಿನಿಂದ ತಿರುಗಿತು. ಈ ನೂಲು ಹರಿದರೆ ಇವತ್ತಿನ ದಿನ ಮುಗಿಯಿತು ಎಂದು ಅನಿಸಿದ್ದೇ ತಡ, ಬಲೆ ಬಿಸಾಕಿ, ಎದೆಮಟ್ಟದ ನೀರಿಗೆ ಹೋಗಿ, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡೆ. ತಣ್ಣಗಿತ್ತು, ಭಾರವಾಗಿತ್ತು. ಅದರ ಎದೆ ಹೊಡೆದುಕೊಳ್ಳುವುದು ನನ್ನ ಎದೆಗೆ ತಿಳಿಯುತ್ತಿತ್ತು.

ಸಾಹೇಬರು ಅದನ್ನು ನೋಡಿ, ಸವರಿ, ಗಾಳ ಬಿಡಿಸಿ, ಮತ್ತೆ ನೀರಿಗೆ ಬಿಟ್ಟರು. ಅದು ಬಾಲ ಬೀಸಿ ಹೋಯಿತು. ಮೀನು ಸಿಕ್ಕಾಗೆಲ್ಲ ದೂರ ಮುಖ ಹೊರಳಿಸಿ ಕೂರುತ್ತಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ಬಿಡುವುದೇ ಆದರೆ ಇಷ್ಟು ವರ್ಷ ನನ್ನ ಶನಿವಾರ, ಭಾನುವಾರ ಯಾತಕ್ಕೆ ತಿಂದಿರಿ ಎಂದು ಕೇಳಬೇಕೆನಿಸಿತು. ಇಂಗ್ಲಿಷಿನಲ್ಲಿ ಹೇಗೆ ಕೇಳುವುದೋ ಹೊಳೆಯಲಿಲ್ಲ. ಕೈಮುಗಿದು ಹೊರಟೆ.

ಹುಕ್ಕೇರಿಯವರೆಗೂ ನಡಿಗೆ. ಧೋತರ ಮೈಮೇಲೇ ಒಣಗಿತು, ನಾತ ಉಳಿಯಿತು. ಬಾಗಿಲಿಗೆ ಬಂದ ಅತ್ತೆ ಸೆರಗನ್ನು ಮೂಗಿಗೆ ಹಿಡಿದರು.

"ಹಂಗ ಒಳಗ ಬರಬ್ಯಾಡ್ರಿ. ಅಯ್ಯನವರು ಕುಂತಾರ. ಹಿತ್ತಲದಾಗ ನೀರು ಕಾದೈತಿ, ಮೈ ತೊಳಕೊಂಡ್ ಬರ್ರಿ."

"ನಾ ಬರೂ ತನಕಾ ತಡೀರಿ."

"ಹೊತ್ತು ಮೀರಾಕತ್ತೈತ್ರಿ. ಲಗೂ ಮಾಡ್ರಿ."

ಬಚ್ಚಲಲ್ಲಿ ಕೂತು ಸೀಗೆಪುಡಿಯಿಂದ ತಿಕ್ಕಿದೆ, ಬೂದಿಯಿಂದ ತಿಕ್ಕಿದೆ. ಮೂಸಿ ನೋಡಿದರೆ ಮೀನೇ. ಅಷ್ಟರಲ್ಲಿ ಗೋಡೆಯಾಚೆ ಹೆಂಗಸರ ನಗು ಎದ್ದಿತು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್‌ರ್ ಎಂದು ಹೆಸರು ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಮೂಡಲಗಿಯಿಂದ ಬಂದಿದ್ದ ನನ್ನ ತಂಗಿಯ ಬೆನ್ನಿಗೆ ಬೀಳುತ್ತಿದ್ದ ಗುದ್ದು ಧಪಧಪ ಕೇಳಿಸಿತು. ಕಿವಿಯಲ್ಲಿ ಹೇಳಿದ ಹೆಸರು ಕೇಳಿಸಲಿಲ್ಲ. ಕೈಯಲ್ಲಿ ತಂಬಿಗೆ ಹಿಡಿದು ಹಾಗೇ ಕೂತುಬಿಟ್ಟೆ. ಅಳು ಬಂತು, ಮೈಯೆಲ್ಲ ನೀರಿದ್ದುದರಿಂದ ಒರೆಸಿಕೊಳ್ಳುವ ಗೋಜಿರಲಿಲ್ಲ.

ಒಳಗೆ ಹೋದಾಗ ಅಯ್ಯನವರು ಪೂಜೆ ಮುಗಿಸಿ ಎದ್ದಾಗಿತ್ತು. ಹೆಂಗಸರು ಗುಗ್ಗರಿ ಹಂಚುತ್ತಿದ್ದರು. ಹೆಂಡತಿ ಮೂಲೆಯಲ್ಲಿ ತೊಟ್ಟಿಲ ಬದಿಗೆ ಕೂತಿದ್ದಳು. ನಾನು ದೂರವೇ ನಿಂತು, "ಇನ್ನೂ ವಾಸನಿ ಹೋಗಿಲ್ಲ" ಅಂದೆ.

ಅವಳು ಕೂಸನ್ನು ಎತ್ತಿ ನನ್ನ ಕಡೆಗೆ ಚಾಚಿದಳು.

"ಇರ್ಲಿ ತಗೋರಿ. ಈ ಸಲ ಕೂಸು ಐತಿ."

ತೆಗೆದುಕೊಂಡೆ. ಹೆಸರೇನಿಟ್ಟರೆಂದು ಕೇಳುವುದನ್ನೂ ಮರೆತೆ.