ತಂತಿಯ ಕೆಳಗಿನ ದೇವರಕಾಡು

ದೊಡ್ಡಪ್ಪ ಹುಟ್ಟಿದ್ದು ರಾಜರ ಕಾಲದಿಂದಲೂ ಜಮೀನು, ಅಧಿಕಾರ ಎರಡೂ ಇದ್ದ ಮನೆಯಲ್ಲಿ. ತಾತ ಅಂಗಳಕ್ಕಿಳಿದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಡೆ ಮಡಚಿ ನಿಲ್ಲುತ್ತಿದ್ದರಂತೆ. ಅಂಥ ಮನೆಯ ಹಿರಿಮಗ ತೋಟ ಬಿಟ್ಟು ಅರಣ್ಯ ಇಲಾಖೆಗೆ ಸೇರಿದ್ದು ತಾತನಿಗೆ ಅವಮಾನವೆನಿಸಿತ್ತು. ಖಾಕಿ ತೊಟ್ಟ ಮಗನೊಡನೆ ಅವರು ಕೊನೆಯವರೆಗೂ ಸರಿಯಾಗಿ ಮಾತಾಡಲಿಲ್ಲ. ಅಜ್ಜಿ ಮಾತ್ರ ಮಗನ ಪರ.

ದೊಡ್ಡಪ್ಪ ರೇಂಜರ್ ಆಗಿದ್ದಾಗ ನಮ್ಮೂರ ದೇವರಕಾಡಿನ ನಡುವೆ ವಿದ್ಯುತ್ ಮಾರ್ಗ ಹೋಗುವುದೆಂದಾಯಿತು. ಯಾರೂ ಕತ್ತಿ ಒಯ್ಯದ, ಬಿದ್ದ ಕೊಂಬೆಯನ್ನೂ ಮನೆಗೆ ತರದ ಕಾಡು ಅದು. ಬೇರೆ ದಾರಿಯಿದೆ ಎಂದು ಅವರು ಮೇಲಿನವರಿಗೆ ಹೇಳಿ ನೋಡಿದರು, ನಡೆಯಲಿಲ್ಲ. ಕಡಿಯುವ ಮರಗಳಿಗೆ ಸುತ್ತಿಗೆಯಿಂದ ಇಲಾಖೆಯ ಗುರುತು ಹೊಡೆಯುವ ಕೆಲಸ ಅವರ ಪಾಲಿಗೇ ಬಂತು. ಅಂದು ಬೆಳಿಗ್ಗೆ ಅಜ್ಜಿ ಎಂದಿನಂತೆ ಕಾಫಿ ಕೊಟ್ಟರು.

"ನಿನ್ ಕೆಲ್ಸ ನೀ ಮಾಡ್. ಇವತ್ತ್ ಈ ಮನೇಲಿ ಊಟಕ್ಕೆ ಕೂರ್ಬೇಡ."

ದೊಡ್ಡಪ್ಪ ಹೋಗಿ ಗುರುತು ಹೊಡೆದರು. ಅಂದು ಮಾತ್ರವಲ್ಲ, ಆಮೇಲೂ ಊಟಕ್ಕೆ ಕೂರಲಿಲ್ಲ. ಹಬ್ಬಕ್ಕೆ ಬಂದರೂ ಜಗಲಿಯಲ್ಲೇ ಕೂತು ಕ್ವಾರ್ಟರ್ಸಿಗೆ ಮರಳುತ್ತಿದ್ದರು. ಒಳಗೆ ಬಾ ಎನ್ನಲು ಅಜ್ಜಿಗೂ ಬಾಯಿ ಬರಲಿಲ್ಲ. ಅಜ್ಜಿ ಹಾಗೇ ತೀರಿಕೊಂಡರು.

ದೊಡ್ಡಪ್ಪ ನಿವೃತ್ತರಾಗುವ ಹೊತ್ತಿಗೆ ದೇವರಕಾಡಿನ ಪೂಜಾರಿ ತೀರಿಹೋಗಿದ್ದರು, ಮಕ್ಕಳಿಗೆ ಆ ಕೆಲಸ ಬೇಡವಾಗಿತ್ತು. ನಾನು ಮಾಡಲೇ ಎಂದು ದೊಡ್ಡಪ್ಪ ಊರ ಸಭೆಯಲ್ಲಿ ಕೇಳಿದರು. ಕೆಲವರು ಮುಖ ತಿರುಗಿಸಿದರು. ಬೇರೆ ಯಾರೂ ಇಲ್ಲವೆಂದು ಕಡೆಗೆ ಒಪ್ಪಿದರು.

ದೀಪ ಹಚ್ಚಿ ಬಂದ ಮೇಲೆ ಅವರು ತಂತಿಯ ಕೆಳಗಿನ ಬೋಳು ಜಾಗದಲ್ಲಿ ನೇರಳೆ, ಹಲಸು, ಸಂಪಿಗೆ ನೆಡುತ್ತಿದ್ದರು. ಎದೆಯೆತ್ತರ ಬಂದೊಡನೆ ಲೈನ್‌ಮನ್ ಬಂದು ಸವರಿ ಹೋಗುತ್ತಿದ್ದ. ದೊಡ್ಡಪ್ಪ ಜಗಳವಾಡಲಿಲ್ಲ, ಮತ್ತೆ ನೆಟ್ಟರು. ಬೇರೆ ಕಡೆ ನೆಡಬಾರದೇ ಎಂದು ಒಮ್ಮೆ ಕೇಳಿದೆ.

"ಕಡಿಸಿದ್ದ್ ಇಲ್ಲಿ ಅಲ್ವಾ, ಮಗಾ," ಎಂದರು.

ಕೊನೆಯ ವರ್ಷ ಕಾಲು ಸೋತವು. ತೋಳು ಹಿಡಿದು ಕಾಡಿನಂಚಿನವರೆಗೆ ಕರೆದೊಯ್ಯುತ್ತಿದ್ದೆ. ಚಪ್ಪಲಿ ಬಿಟ್ಟು ಅಲ್ಲಿಂದಲೇ ಕೈಮುಗಿಯುತ್ತಿದ್ದರು.

ದೊಡ್ಡಪ್ಪನ ಸಾವಿಗೆ ಆ ಲೈನ್‌ಮನ್ ಕೂಡ ಬಂದಿದ್ದ. ಈ ಸಲ ಗಿಡ ಇನ್ನೂ ಸವರಿಲ್ಲ, ಆದಷ್ಟು ದಿನ ಮುಂದೂಡುತ್ತೇನೆ ಎಂದು ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ. ಮಳೆಗೆ ಮುಂಚೆ ಹೋಗಿ ನೋಡಿದೆ. ಬುಡದವರೆಗೂ ಸವರಿದ್ದರು. ನೆಡುವವರು ಈಗ ಯಾರೂ ಇಲ್ಲ.