ಅಂಗಳದ ಎಣ್ಣೆಯೂ ನಡೆಮಡಿಯೂ

ಬೇಲೂರಿನ ನಮ್ಮ ಬೀದಿಯಲ್ಲಿ ಮೋಟಾರಿನ ಸದ್ದು ಕೇಳಿದರೆ ಜನ ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದ ಕಾಲವದು. ಆ ಬೀದಿಯ ಏಕಮಾತ್ರ ಕಾರು ನಮ್ಮ ಮನೆಯದು. ಅರೇಹಳ್ಳಿಯ ಕಾಫಿ ತೋಟದವರೊಬ್ಬರು ಬಳಸಿ ಬಿಟ್ಟದ್ದನ್ನು ಚಿಕ್ಕಪ್ಪ ತಂದಿದ್ದರು. ಅದು ಓಡಿದ್ದಕ್ಕಿಂತ ಅಂಗಳದಲ್ಲಿ ಬಾನೆಟ್ಟು ತೆರೆದು ನಿಂತದ್ದೇ ಹೆಚ್ಚು.

ಅಂದು ಉತ್ಸವದ ದಿನ. ಸಂಜೆ ದೇವರ ಪಲ್ಲಕ್ಕಿ ಪ್ರತಿ ಮನೆಯ ಅಂಗಳಕ್ಕೂ ಬಂದು ಆರತಿ ಸ್ವೀಕರಿಸುವುದು ಕ್ರಮ. ಹಿಂದಿನ ವರ್ಷ ನಮಗೆ ಸೂತಕವಿದ್ದುದರಿಂದ ಪಲ್ಲಕ್ಕಿ ನಮ್ಮ ಬಾಗಿಲನ್ನು ದಾಟಿಹೋಗಿತ್ತು. ಅಜ್ಜಿ ಒಳಕೋಣೆಯಲ್ಲಿ ಕುಳಿತು ಜಾಗಟೆಯ ಸದ್ದು ದೂರವಾಗುವುದನ್ನು ಕೇಳಿದ್ದರು. ಈ ಸಲ ಬೆಳಗಿನಿಂದಲೇ ಅಂಗಳ ಸಾರಿಸಿ, ಮೆಟ್ಟಿಲವರೆಗೂ ರಂಗೋಲಿ ಎಳೆದಿದ್ದರು. ನಾನು ಜಗಲಿಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದೆ.

ಚಿಕ್ಕಪ್ಪನಿಗೆ ಅಂದೇ ಮುಹೂರ್ತ ಕೂಡಿಬಂತು.

"ನಾಳೆ ಅರಸೀಕೆರೆ ಸ್ಟೇಷನ್ನಿಗೆ ಹೋಗಬೇಕು ಕಣಮ್ಮ. ಆಯಿಲ್ ಫಿಲ್ಟರ್ ಬದಲಾಯಿಸಿಬಿಡ್ತೀನಿ."

"ಇವತ್ತೇ ಆಗಬೇಕೇನೋ?" ಎಂದರು ಅಜ್ಜಿ.

"ಒಂದು ತೊಟ್ಟೂ ಕೆಳಗೆ ಬೀಳಲ್ಲ, ನೋಡ್ತಿರು."

ಎಂಜಿನ್ನಿನ ಪಕ್ಕದಲ್ಲಿ ಕಬ್ಬಿಣದ ಬಟ್ಟಲೊಂದು ನೇತಾಡುತ್ತಿತ್ತು, ಫಿಲ್ಟರ್ ಅದರೊಳಗೆ. ಬೋಲ್ಟು ಬಿಚ್ಚಿದರೆ ಬಟ್ಟಲು ಕರಿಯೆಣ್ಣೆಯ ಸಮೇತ ಕೆಳಗಿಳಿಯುತ್ತಿತ್ತು. ಅದನ್ನು ಹಿಡಿಯಲು ಅಗಲವಾದ ಪಾತ್ರೆಯೊಂದು ಬೇಕು.

"ಆ ಹಿತ್ತಾಳೆ ಹರಿವಾಣ ಕೊಡಮ್ಮ."

"ಅದು ನೈವೇದ್ಯದ್ದು."

"ಕೊಳಗ?"

"ಅದು ತಿಥಿ ಅಡಿಗೇದು."

"ಹೋಗಲಿ, ಆ ಸೊಟ್ಟ ಬೋಗುಣಿ?"

"ಅದರಲ್ಲಿ ಹಸುವಿಗೆ ಕಲಗಚ್ಚು ಇಡ್ತೀನಿ. ಹಸು ನಿನ್ನ ಡಾಂಬರು ಕುಡೀಬೇಕೇನು?"

ಮನೆ ತುಂಬ ಪಾತ್ರೆಗಳಿದ್ದರೂ ಆ ಎಣ್ಣೆಗೆ ಅರ್ಹವಾದದ್ದು ಒಂದೂ ಇರಲಿಲ್ಲ. ಚಿಕ್ಕಪ್ಪ ಸಿಡಿಮಿಡಿಗೊಂಡು ಹಿತ್ತಲಿನಿಂದ ಬಾಳೆಯೆಲೆಗಳನ್ನು ಕೊಯ್ದು ತಂದು, ತುದಿ ಬೀದಿಯ ಕಡೆಗಿರುವಂತೆ ಕಾರಿನಡಿ ಹಾಸಿದರು. ಜಗಲಿಯಲ್ಲಿ ಪಾರಾಯಣ ಮಾಡುತ್ತಿದ್ದ ತಾತ ಶ್ಲೋಕವನ್ನು ಅರ್ಧಕ್ಕೆ ನಿಲ್ಲಿಸಿದರು.

"ಎಲೆಯ ತುದಿ ಎಡಕ್ಕಿರಬೇಕು ಕಣೋ."

"ಇದು ಊಟಕ್ಕಲ್ಲಪ್ಪ, ಎಣ್ಣೆಗೆ!"

"ಏನು ಬಡಿಸಿದರೂ ಎಲೆ ಎಲೆಯೇ. ದೇವರು ಬರೋ ದಿನ ಅಪಸವ್ಯ ಬೇಡ."

ತಾತನ ಮಾತನ್ನು ಮೀರುವವರು ನಮ್ಮಲ್ಲಿರಲಿಲ್ಲ; ಚಿಕ್ಕಪ್ಪ ಎಲೆಗಳ ತುದಿಯನ್ನು ಎಡಕ್ಕೆ ತಿರುಗಿಸಿದರು. ಕಾರಿನ ಎಡಕ್ಕೆ ನಮ್ಮ ಮನೆ. ಜಲ್ಲಿ ಸುರಿದು ಸುರಿದು ಬೀದಿ ಎತ್ತರವಾಗಿ ಅಂಗಳ ಮನೆಯ ಕಡೆಗೇ ಇಳಿಜಾರಾಗಿತ್ತು. ತಾತನಿಗೆ ಅದು ಹೊಳೆಯಲಿಲ್ಲ. ಚಿಕ್ಕಪ್ಪ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ಬೋಲ್ಟನ್ನು ತುಸು ಸಡಿಲಿಸಿ, ಎಣ್ಣೆ ಇಳಿಯುವವರೆಗೆ ಕಾಯಬೇಕಂತೆ. ಚಿಕ್ಕಪ್ಪ ಒಂದೇ ಬಿರುಸಿಗೆ ಬಿಚ್ಚಿದರು. ಬಟ್ಟಲು ಕಳಚಿ ಮಗುಚಿತು. ಎಣ್ಣೆ ಎಲೆಯ ದಿಂಡಿನ ಗುಂಟ ಹರಿದು, ತುದಿಯಿಂದಿಳಿದು, ರಂಗೋಲಿಯ ತಾವರೆಗಳನ್ನು ನುಂಗುತ್ತ ಮೆಟ್ಟಿಲ ಬುಡ ಸೇರಿತು. ಸಾಂಬ್ರಾಣಿ ಮಲ್ಲಿಗೆಗಳ ಪರಿಮಳವನ್ನೆಲ್ಲ ಸುಟ್ಟೆಣ್ಣೆಯ ಕಮಟು ಮುಚ್ಚಿಬಿಟ್ಟಿತು.

"ನಿಜ ಕಣೋ, ತೊಟ್ಟು ಬೀಳಲಿಲ್ಲ. ಹೊಳೆಯೇ ಹರೀತು!" ಎಂದರು ಅಜ್ಜಿ.

ಬೂದಿ ಹಾಕಿದೆವು, ಸೀಗೆಪುಡಿ ಉಜ್ಜಿದೆವು. ಸಗಣಿ ಸಾರಿಸಿದರೆ ಹಿಡಿಯದೆ ಜಾರಿಹೋಯಿತು. ಅಷ್ಟರಲ್ಲಿ ಹೊತ್ತು ಮುಳುಗಿ ಜಾಗಟೆ ಹತ್ತಿರವಾಯಿತು. ಪಲ್ಲಕ್ಕಿಯ ಮುಂಗೊಂಬಿಗೆ ಹೆಗಲು ಕೊಟ್ಟವನು ಕಾಲ್ಬೆರಳಿನಿಂದ ನೆಲವನ್ನು ಒತ್ತಿ ನೋಡಿದ.

"ಜಾರ್ತೈತೆ ಕಣಮ್ಮ. ಸ್ವಾಮೀನ ಹೊತ್ಕೊಂಡು ಹೆಂಗೆ ಬರಾದು? ಮುಂದಕ್ಕೆ ಹೋಯ್ತೀವಿ."

ಅಜ್ಜಿ ಹೊತ್ತಿಸಿದ ಆರತಿ ಹಿಡಿದು ಮೆಟ್ಟಿಲ ತುದಿಗೆ ಬಂದರು. ಚಿಕ್ಕಪ್ಪ ಒಳಗೆ ಓಡಿ, ತಮ್ಮ ಮದುವೆಯ ಜರಿ ಪಂಚೆಗಳನ್ನೂ ಒಂದು ಮಂಕರಿ ಭತ್ತದ ಹೊಟ್ಟನ್ನೂ ತಂದರು. ಹೊಟ್ಟು ಸುರಿದು, ಅದರ ಮೇಲೆ ಬೀದಿಯಿಂದ ಮೆಟ್ಟಿಲವರೆಗೆ ಪಂಚೆಗಳನ್ನು ಬಿಡಿಸಿ ಹಾಸಿ ಕೈಮುಗಿದರು.

"ನಡೆಮಡಿ ಹಾಸಿದೀನಿ. ಬಿಜಯಮಾಡಿಸ್ರಪ್ಪ."

ದೇವರ ದಾರಿಗೆ ಮಡಿವಸ್ತ್ರ ಹಾಸಿದ ಮೇಲೆ ಹಿಂದಿರುಗುವಂತಿಲ್ಲ. ಪಲ್ಲಕ್ಕಿ ಹೊತ್ತವರು ನಗುತ್ತಲೇ ಇಳಿದು ಬಂದರು. ಒಂದೊಂದು ಹೆಜ್ಜೆಗೂ ಬಿಳಿ ಬಟ್ಟೆಯ ಮೇಲೆ ಕರಿಯ ಪಾದವೊಂದು ಮೂಡಿತು. ಅಜ್ಜಿ ಕಣ್ತುಂಬಿಕೊಂಡು ಆರತಿ ಎತ್ತಿದರು. ಪಲ್ಲಕ್ಕಿ ಆಚೆ ತಿರುಗಿದ್ದೇ ತಡ, ಮಗನತ್ತ ತಿರುಗಿದರು.

"ಒಳಗೆ ಹಳೇ ಜಮಖಾನ ಇರಲಿಲ್ಲವೇನೋ, ಜರಿ ಪಂಚೇನೇ ಬೇಕಾಗಿತ್ತೇ!"

ಈಗಿನ ಕಾರನ್ನು ಹಾಸನಕ್ಕೆ ಕಳುಹಿಸಿದರೆ ಎಲ್ಲ ಬದಲಾಯಿಸಿ, ತೊಳೆದು ಕೊಡುತ್ತಾರೆ. ಅದರ ಎಣ್ಣೆಯ ಬಣ್ಣವನ್ನು ನಮ್ಮ ಮನೆಯವರು ಯಾರೂ ಕಂಡಿಲ್ಲ. ಬೀದಿ ಅಗಲವಾದಾಗ ಅಂಗಳವೆಲ್ಲ ರಸ್ತೆಗೆ ಸೇರಿತು. ಪಲ್ಲಕ್ಕಿ ಈಗಲೂ ಬರುತ್ತದೆ. ಹೊಸ್ತಿಲಲ್ಲೇ ನಿಂತು ಆರತಿ ಎತ್ತುತ್ತೇನೆ. ಹಿಂದಿನಿಂದ ಯಾವುದೋ ವಾಹನ ಹಾರ್ನ್ ಮಾಡುತ್ತದೆ, ಸ್ವಾಮಿ ಮುಂದೆ ಸಾಗುತ್ತಾನೆ. ಇಳಿದು ಬಾ ಎಂದು ಕರೆಯುವುದಕ್ಕೆ ನಮ್ಮದೆಂಬ ನೆಲ ಬಾಗಿಲಾಚೆ ಒಂದಡಿಯೂ ಉಳಿದಿಲ್ಲ.